ಬಾಣಕ್ಕೊಂದು ಅರ್ಜಿ

ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ದಿನ ಕಾಗೆಗಳಿಗೂ ನನಗೂ ಬೆಳಗಿನಿಂದ ಸಂಜೆಯವರೆಗೆ ಜಟಾಪಟಿ. ಕೊಡೆ ಬಿಚ್ಚಿಟ್ಟು ನೋಡಿದ್ದೇನೆ, ಕರಿ ಬಟ್ಟೆ ಕಟ್ಟಿ ನೋಡಿದ್ದೇನೆ. ಹಿಂದೂಪುರದ ಕಾಗೆಗಳು ಅದಕ್ಕೆಲ್ಲ ಬಗ್ಗುವ ಜಾತಿಯಲ್ಲ. ಹಳೆಯ ಸೀಡಿಗಳನ್ನು ದಾರಕ್ಕೆ ಪೋಣಿಸಿ ತೂಗುಬಿಟ್ಟರೆ ಬಿಸಿಲಿಗೆ ಹೊಳೆದು ಓಡಿಸುತ್ತವೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ಸರಿ, ಬೀರುವಿನ ತಳದಿಂದ ಒಂದು ಕಟ್ಟು ತೆಗೆದೆ. ಮೊದಲನೆಯದರ ಮೇಲೆಯೇ ನನ್ನ ತಮ್ಮ ಮಂಜುವಿನ ಕೈಬರಹ: ‘ಹೊಸದು. ಹುಷಾರು.’ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವಳು ಕೂತೇಬಿಟ್ಟೆ. ಆವತ್ತು ಎರಡು ಸಾಲು ಸಂಡಿಗೆ ಕಾಗೆಗಳ ಪಾಲಾಯಿತು. ಹೋಗಲಿ ಬಿಡಿ, ಅವಕ್ಕೂ ಹೊಟ್ಟೆಯಿದೆ.

ಆ ಸೀಡಿಯಲ್ಲಿದ್ದದ್ದು ಲಿನಕ್ಸ್. ಹೆದರಬೇಡಿ, ನಾನು ಟೀಚರಮ್ಮನೇ ಆದರೂ ಇಲ್ಲಿ ಪಾಠ ಮಾಡುವುದಿಲ್ಲ. ಕಂಪ್ಯೂಟರ್ ಎಂಬ ಪೆಟ್ಟಿಗೆಗೆ ಜೀವ ಕೊಟ್ಟು, ಪರದೆ, ಕೀಲಿಮಣೆ, ಮೌಸು ಎಲ್ಲವನ್ನೂ ಒಂದು ಹದಕ್ಕೆ ತಂದು ನಡೆಸುವ ಮೂಲ ವ್ಯವಸ್ಥೆ ಒಂದಿರುತ್ತದಲ್ಲ, ಅದರಲ್ಲಿ ಇದೊಂದು ಬಗೆ. ಯಾವ ಯಾವುದೋ ದೇಶದ ಜನ ಸೇರಿ ಕಟ್ಟಿದ್ದು, ಬಿಟ್ಟಿ ಸಿಗುವಂಥದ್ದು, ಬೇಕಾದವರು ಬಿಚ್ಚಿ ನೋಡಿ ತಿದ್ದಬಹುದಾದದ್ದು. ಅದರಲ್ಲೂ ತಮ್ಮ ನನಗೆ ಕೊಟ್ಟದ್ದು ಆರಾರು ತಿಂಗಳಿಗೊಮ್ಮೆ ಹೊಸದಾಗಿ ಬರುವ, ಒಲೆಯಿಂದ ಇಳಿಸಿದ ಬಿಸಿ ಇನ್ನೂ ಆರದಂಥ ಜಾತಿ. ಇಂಥದ್ದನ್ನು ಏನೂ ಅರಿಯದವರ ಕೈಗೆ ಕೊಡಬಹುದೇ, ಕೊಡಬಾರದೇ ಎಂದು ತಿಳಿದವರು ಈಗಲೂ ಜಗಳವಾಡುತ್ತಾರಂತೆ. ನನಗೆ ಆ ಜಗಳ ಬಾರದು. ನಮ್ಮ ಮಾವನವರ ಕಥೆ ಮಾತ್ರ ಬರುತ್ತದೆ.

ಮಾವ ನಂಜುಂಡಪ್ಪನವರು ರೇಷ್ಮೆ ಸೀರೆಯ ಅಂಚಿಗೂ ಸೆರಗಿಗೂ ಗ್ರಾಫ್ ಬರೆಯುವವರು. ಮಗ್ಗದವರಿಗೆ ಹೂವೋ ನವಿಲೋ ಬೇಕೆಂದರೆ ಅದು ಮೊದಲು ಚೌಕುಳಿ ಹಾಳೆಯ ಮೇಲೆ ಬರಬೇಕು. ಒಂದು ಚೌಕ ಅಂದರೆ ಒಂದು ಎಳೆ. ಯಾವ ಚೌಕ ತುಂಬಿದೆ, ಯಾವುದು ಖಾಲಿ ಎಂದು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ; ಆ ಕಾರ್ಡುಗಳ ಸರ ಮಗ್ಗದ ತಲೆಯ ಮೇಲೆ ಕೂತು ಬೇಕಾದ ಎಳೆಗಳನ್ನು ಎತ್ತುತ್ತದೆ. ಮಾವ ಒಂದು ಚೌಕ ತಪ್ಪಿದರೆ ಊರಿನ ಅಷ್ಟೂ ನವಿಲುಗಳಿಗೆ ಕೊಕ್ಕು ಸೊಟ್ಟ. ಅವರು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗಲೂ ಎದುರು ಪಂಕ್ತಿಯ ಹೆಂಗಸರ ಸೆರಗನ್ನೇ ನೋಡುತ್ತಿದ್ದರೆಂದು ನಮ್ಮತ್ತೆ ಮೊದಮೊದಲು ಬಹಳ ಜಗಳವಾಡಿದ್ದರಂತೆ.

ಅಂಥವರ ಕಣ್ಣು ಸವೆಯಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಕಣ್ಣಿನೊಳಗಿನ ಪರದೆಯೇ ನಡುವೆ ಸವೆದಿದೆ, ದೊಡ್ಡದು ಕಾಣುತ್ತದೆ, ಸಣ್ಣದು ಕಾಣುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಆಗ ಮಾವ ಬರೆಯುತ್ತಿದ್ದದ್ದು ರಾಗಿ ತೆನೆಯ ಅಂಚು. ಮಾವಿನಕಾಯಿ, ಹಂಸ, ರುದ್ರಾಕ್ಷಿ ಎಲ್ಲರೂ ಹಾಕುತ್ತಾರೆ. ಇವರಿಗೆ ಬೆರಳು ಮಡಚಿದಂತಿರುವ ರಾಗಿ ತೆನೆಯೇ ಬೇಕು. “ಹುಟ್ಟಿದಾಗ್ಲಿಂದ ತಿಂದಿದ್ದೀವಿ ಕಣಮ್ಮ, ಒಂದ್ಸಲ ಸೀರೆ ಮ್ಯಾಲೆ ಕೂರಿಸ್ಬ್ಯಾಡ್ವಾ?” ಎನ್ನುತ್ತಿದ್ದರು. ಅರ್ಧ ತೆನೆಗೆ ಕೆಲಸ ನಿಂತಿತು. ಹಾಳೆ ಸುರುಳಿಯಾಗಿ ಅಟ್ಟ ಸೇರಿತು. ನೇಕಾರ ಓಬಳೇಶು ತಿಂಗಳಿಗೊಮ್ಮೆ ಬಂದು, ತೆಲುಗಿನ ರೂಢಿಯಲ್ಲಿ ದೊಡ್ಡಪ್ಪನೆಂದು ಕರೆಯುತ್ತಾ, “ಪೆದ್ದಯ್ಯಾ, ಆ ತೆನೆ ಎಲ್ಲಿಗೆ ಬಂತು?” ಎಂದು ಕೇಳುವನು. ಇವರು, “ಟೀ ಕುಡ್ಕೊಂಡು ಹೋಗಪ್ಪ” ಎನ್ನುವರು. ಬೇರೆ ಯಾರಿಗಾದರೂ ಕೊಟ್ಟು ಮುಗಿಸೋಣವೆಂದರೆ ಒಪ್ಪಲಿಲ್ಲ. “ಅದು ನನ್ ಕೈಲೇ ಮುಗೀಬೇಕು. ಇಲ್ಲಾಂದ್ರೆ ಬ್ಯಾಡ.” ಹಾಗೆಂದು ಇಡೀ ದಿನ ಜಗಲಿಯ ಮೇಲೆ ಕೂತಿರುವರು, ತಮ್ಮದೇ ಮನೆಗೆ ನೆಂಟರಾಗಿ ಬಂದವರ ಹಾಗೆ. ನನಗೆ ನೋಡಲಾಗುತ್ತಿರಲಿಲ್ಲ.

ನನ್ನ ತವರು ಕಲ್ಯಾಣದುರ್ಗ. ಅಲ್ಲಿ ಮಂಜು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಚಿಕ್ಕಂದಿನಿಂದಲೂ ಅವನಿಗೆ ಬಿಚ್ಚುವ ಚಟ. ಅಪ್ಪನ ರೇಡಿಯೋ ಬಿಚ್ಚಿದ, ಅಲಾರಂ ಗಡಿಯಾರ ಬಿಚ್ಚಿದ. ಮತ್ತೆ ಜೋಡಿಸಿದ ಮೇಲೆ ಯಾವಾಗಲೂ ಒಂದೆರಡು ಸ್ಕ್ರೂ ಮಿಗುತ್ತಿದ್ದವು. ಅವನ್ನು ಚಡ್ಡಿ ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುವನು, ಅಮ್ಮ ಬಟ್ಟೆ ಒಗೆಯುವಾಗ ಸಿಕ್ಕಿಬೀಳುವನು. ಒಂದು ರಜೆಯಲ್ಲಿ ಹೋದಾಗ ಅವನ ಅಂಗಡಿಯಲ್ಲೇ ಕೂತು ಮಾವನ ವಿಷಯ ಹೇಳಿ ಅತ್ತುಬಿಟ್ಟೆ. ಅವನು ಸಮಾಧಾನ ಗೀಮಾಧಾನ ಏನೂ ಹೇಳಲಿಲ್ಲ. ಪರದೆಯ ಮೇಲೆ ಒಂದು ಖಾಲಿ ಹಾಳೆ ತೆರೆದು ದೊಡ್ಡದು ಮಾಡುತ್ತಾ ಹೋದ. ಚೌಕಗಳು ಕಂಡವು. ಇನ್ನೂ ದೊಡ್ಡದು ಮಾಡಿದ. ಒಂದೊಂದು ಚೌಕವೂ ಬಿಸ್ಕತ್ತಿನಷ್ಟಾಯಿತು.

“ಇದೂ ಗ್ರಾಫೇ ತಾನೇ ಅಕ್ಕಾ? ಮಾವಂಗೆ ಎಷ್ಟು ದೊಡ್ಡದು ಬೇಕೋ ಅಷ್ಟು ಮಾಡ್ಕೊಳ್ಲಿ.”

“ಅವ್ರು ಮೌಸ್ ಅಂದ್ರೇನೂಂತ ಕಂಡಿಲ್ಲ ಕಣ್ಲಾ. ಇದು ನೋಡಿದ್ರೆ ಹೊಚ್ಚ ಹೊಸದು ಅಂತೀಯ. ಹಳೇದು, ಸುಲಭದ್ದು, ಯಾವ್ದೂ ಇಲ್ವಾ?”

“ಹಳೇದ್ರಲ್ಲಿ ಈ ಬಾಣ ಐತಲ್ಲ, ಇದನ್ನ ದೊಡ್ಡದು ಮಾಡಾಕೆ ಬರಲ್ಲ. ಇದ್ರಲ್ಲಿ ಬತ್ತದೆ. ಕಣ್ಣು ಕಾಣ್ದೋರಿಗೆ ಬಾಣ ಕಾಣ್ದಿದ್ರೆ ಚೌಕ ಎಷ್ಟು ದೊಡ್ಡದಿದ್ರೇನು?” ಎಂದು ಮೌಸು ಆಡಿಸಿ ತೋರಿಸಿದ. ಪರದೆಯ ಮೇಲೆ ಓಡಾಡುವ ಆ ಬಾಣ ಹೆಬ್ಬೆರಳಿನಷ್ಟಿತ್ತು.

ಅವನ ಅಂಗಡಿಯಲ್ಲಿದ್ದ ಒಂದು ಹಳೆಯ ಪೆಟ್ಟಿಗೆಗೆ ಆ ಲಿನಕ್ಸನ್ನು ತುಂಬಿಸಿಕೊಂಡು, ಅಮ್ಮನ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಪಾವಗಡದ ಮೇಲಿನ ಬಸ್ಸು ಹತ್ತಿದೆ. ಆಂಧ್ರದಲ್ಲಿ ಹತ್ತಿ, ಕರ್ನಾಟಕ ದಾಟಿ, ಮತ್ತೆ ಆಂಧ್ರದಲ್ಲಿ ಇಳಿಯುವ ದಾರಿ ಅದು. ರಸ್ತೆಯ ಗುಂಡಿ ಬಂದಾಗಲೆಲ್ಲ ಕೌದಿಯನ್ನು ಎದೆಗವಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಸೆಟ್ಟೂರಿನ ಕಡೆಯ ಒಬ್ಬ ಅಜ್ಜಿ. “ಮೊಗಾ ಎಷ್ಟು ತಿಂಗ್ಳುದವ್ವಾ? ಸದ್ದೇ ಇಲ್ವಲ್ಲ!” ಎಂದು ಕೌದಿಯ ಚುಂಗು ಸರಿಸಿ ನೋಡಿ, “ಅಯ್ಯೋ ಶಿವ್ನೇ, ಡಬ್ಬ!” ಎಂದು ಕೈ ಹಿಂದಕ್ಕೆಳೆದುಕೊಂಡಳು. ಪಾವಗಡದವರೆಗೂ ಮತ್ತೆ ನನ್ನ ಕಡೆ ತಿರುಗಲಿಲ್ಲ.

ಟಿವಿಯಂಥ ಪರದೆಯನ್ನು ಮುಂದಿನ ವಾರ ಮಂಜುವೇ ತಂದು ಜೋಡಿಸಿಕೊಟ್ಟ. ಹಿಂದೂಪುರದಲ್ಲಿ ನನಗೆ ಪರಿಚಯವಿದ್ದ ಕಂಪ್ಯೂಟರ್ ಅಂಗಡಿಯವನು ವಿಷಯ ಕೇಳಿ ನಕ್ಕ. “ಅದು ಕಲ್ತೋರಿಗೇ ಕಷ್ಟ ಮೇಡಂ. ಮುದುಕರ ಕೈಗೆ ಕೊಟ್ರಾ?” ಎಂದ.

ಆದರೆ ಕಷ್ಟವಾದದ್ದು ಮುದುಕರಿಗಲ್ಲ, ನನಗೆ. ನಾನು ಲೇಪಾಕ್ಷಿಯ ಆಚೆಗಿನ ಒಂದು ಹಳ್ಳಿಯ ಕನ್ನಡ ಶಾಲೆಯ ಟೀಚರು. ನಮಗೊಮ್ಮೆ ಮೂರು ದಿನ ಕಂಪ್ಯೂಟರ್ ತರಬೇತಿ ಆಗಿತ್ತು. ಒಂದು ಕಂಪ್ಯೂಟರಿಗೆ ಆರು ಜನ. ನನ್ನ ಪಾಲಿಗೆ ಬಂದದ್ದು ಹೆಚ್ಚೂಕಮ್ಮಿ ಮೌಸಿನ ಕೆಳಗಿನ ಮಣೆ ಮಾತ್ರ. ಆದರೂ ‘ನನಗೆ ಗೊತ್ತು’ ಎಂಬ ಕೊಂಬು ಬಂದುಬಿಟ್ಟಿತ್ತು. ಅಲ್ಲಿ ಕಲಿತ ಹಾಗೆ ಪರದೆಯ ಕೆಳಗಿನ ಎಡ ಮೂಲೆಯನ್ನು ಒಂದು ವಾರ ಒತ್ತಿದ್ದೇ ಒತ್ತಿದ್ದು. ಇದರಲ್ಲಿ ಎಲ್ಲವೂ ಮೇಲಿತ್ತು. ಮಾವನಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲವಲ್ಲ, ಮೇಲಿದೆ ಎಂದರೆ ಮೇಲೆಯೇ ನೋಡಿದರು.

ಅವರ ಫಜೀತಿಯೇ ಬೇರೆ. ಗ್ರಾಫ್ ಬರೆಯುವವರು ಹತ್ತು ಚೌಕಕ್ಕೊಮ್ಮೆ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು ಎಳೆದುಕೊಳ್ಳುತ್ತಾರೆ, ಲೆಕ್ಕಕ್ಕೆ. ಮಾವ ಅದನ್ನು ಪರದೆಯ ಗಾಜಿನ ಮೇಲೆಯೇ ಎಳೆದರು. ಹತ್ತಕ್ಕೊಂದು, ಹತ್ತಕ್ಕೊಂದು, ಅಚ್ಚುಕಟ್ಟಾಗಿ. ಆಮೇಲೆ ಚಿತ್ರವನ್ನು ಪಕ್ಕಕ್ಕೆ ಸರಿಸಿದಾಗ ಗೀಟುಗಳು ಇದ್ದಲ್ಲೇ ಉಳಿದು ತೆನೆ ಮುಂದಕ್ಕೆ ಹೋಯಿತು. “ನೋಡಮ್ಮ, ನನ್ ಕೈಬಿಟ್ಟು ಓಡೋಗ್ಬುಟ್ತು!” ಎಂದು ಕೂಗಿಕೊಂಡರು. ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುತ್ತಾ ಅತ್ತೆ, “ಸ್ಕೂಲ್ ಮಕ್ಳು ಬೇಕು, ಇವ್ರು ಬ್ಯಾಡ” ಎಂದರು. ಗೀಟುಗಳನ್ನು ಚಿತ್ರದೊಳಗೇ ಬೇರೆ ಬಣ್ಣದಲ್ಲಿ ಹಾಕಿಕೊಳ್ಳಬಹುದೆಂದು ತೋರಿಸಿಕೊಟ್ಟ ಮೇಲೆ ಹದಕ್ಕೆ ಬಂತು. ಅಟ್ಟದ ಮೇಲಿನ ಸುರುಳಿ ಕೆಳಗಿಳಿಯಿತು. ಅದರಲ್ಲಿದ್ದ ಅರ್ಧ ತೆನೆಯನ್ನು ನಾನು ಓದಿ ಹೇಳಿದೆ, ಅವರು ತುಂಬಿಕೊಂಡರು. ಅಲ್ಲಿಂದ ಮುಂದೆ ಅವರದೇ ಕೈ. ದಿನಕ್ಕೆ ನಾಲ್ಕೈದು ಕಾಳು ಮೂಡುತ್ತಿದ್ದವು.

ಒಂದು ದಿನ ಕೆಲಸದ ನಡುವೆ ಕೇಳಿದರು: “ಇದನ್ನ ಮಾಡ್ದೋರು ಯಾರಮ್ಮ?”

“ಗೊತ್ತಿಲ್ಲ ಮಾವ. ಯಾರ್ಯಾರೋ, ಎಲ್ಲೆಲ್ಲೋ ಇರೋರು.”

“ಹಂಗಾದ್ರೆ ನಮ್ಮಂಗೇ ಬಿಡು. ಸೀರೆ ಉಟ್ಟೋರಿಗೆ ಗ್ರಾಫ್ ಬರ್ದೋನು ಗೊತ್ತಾ?”

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನನ್ನ ಕೊಂಬು ಸುಮ್ಮನಿರಬೇಕಲ್ಲ! ಆರು ತಿಂಗಳಾಗುತ್ತಲೇ ಮಂಜು ಹೊಸ ಸೀಡಿ ಕಳಿಸಿದ, ನಾನು ಹೇಳಿದೆನಲ್ಲ, ‘ಹೊಸದು. ಹುಷಾರು.’ ಫೋನಿನಲ್ಲೂ, “ನಾನು ಬತ್ತೀನಿ, ಅಲ್ಲೀತನ್ಕ ಮುಟ್ಬ್ಯಾಡ” ಎಂದಿದ್ದ. ನಾನು ಮುಟ್ಟಿದೆ. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಮದುಮಗಳ ಹಾಗೆ ‘ಹೂಂ’, ‘ಹೂಂ’ ಎಂದು ಒತ್ತುತ್ತಾ ಹೋದೆ. ತೆನೆ ಸುರಕ್ಷಿತವಾಗಿತ್ತು, ದೇವರು ದೊಡ್ಡವನು. ಆದರೆ ಬಾಣ ಕುಗ್ಗಿ ಇರುವೆಯಷ್ಟಾಗಿತ್ತು. ಮತ್ತೆ ದೊಡ್ಡದು ಮಾಡಿದೆ, ಆಯಿತು. ಆರಿಸಿ ಹಾಕಿದರೆ ಮತ್ತೆ ಇರುವೆ. ಎಷ್ಟು ಸಲ ಹೇಳಿಕೊಟ್ಟರೂ ಒಮ್ಮೆ ಆರಿದರೆ ಮರೆತೇಬಿಡುತ್ತಿತ್ತು.

ನಾನು ಬೆಳಿಗ್ಗೆ ಬಾಣ ಸರಿಮಾಡಿಟ್ಟು ಲೇಪಾಕ್ಷಿ ಬಸ್ಸಿಗೆ ಓಡುವೆನು. ನಮ್ಮೂರಿನ ಕರೆಂಟು ನಿಮಗೆ ಗೊತ್ತಲ್ಲ. ಹತ್ತಕ್ಕೆ ಹೋಯಿತೆಂದರೆ ಪೆಟ್ಟಿಗೆ ಆರಿತು, ಬಾಣ ಇರುವೆಯಾಯಿತು, ನಾನು ಸಂಜೆ ಬರುವವರೆಗೆ ಮಾವನ ಕೆಲಸ ನಿಂತಿತು. ಸರಿಮಾಡಲು ಅವರಿಗೂ ಹೇಳಿಕೊಟ್ಟೆ. ಸರಿಮಾಡುವುದಕ್ಕೂ ಮೊದಲು ಬಾಣ ಕಾಣಬೇಕಲ್ಲ! ಒಂದು ಸಂಜೆ ಬಂದು ನೋಡಿದರೆ ಗಾಜಿನ ಮೇಲೆ ಅಲ್ಲಲ್ಲಿ ಮಸುಕು ಗುರುತು. ಏನೆಂದು ಅತ್ತೆಯನ್ನು ಕೇಳಿದೆ. “ಅವ್ರ ಮೂಗು ಕಣಮ್ಮ. ಬಾಣ ಹುಡುಕ್ತಾ ಇದ್ರು” ಎಂದರು.

ಮಾರನೆಯ ದಿನ ಮಾವ ತಮ್ಮ ಟವಲನ್ನು ಪರದೆಯ ಮೇಲೆ ಹೊದಿಸಿಬಿಟ್ಟರು. “ಬಿಟ್ಬುಡಮ್ಮ. ದಿನಾ ಒಬ್ರು ಬಂದು ಕೈ ಹಿಡಿದು ಕೂರಿಸ್ಬೇಕು ಅಂದ್ರೆ ಅದು ನನ್ ಕೆಲ್ಸ ಆಗಲ್ಲ.” ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮತ್ತೆ ಜಗಲಿಗೆ ಹೋಗಿ ಕೂತರು. ಎರಡು ವರ್ಷ ಜಗಲಿಯಲ್ಲಿ ಕೂತ ಮೇಲೆ ಕೈಗೆ ಬಂದದ್ದನ್ನು ನಾನೇ ಕಿತ್ತುಕೊಂಡ ಹಾಗಾಯಿತು. ಹಳೆಯದಕ್ಕೇ ಮರಳೋಣವೆಂದರೆ ಪೆಟ್ಟಿಗೆಯ ಜೊತೆ ಮಂಜು ಮೊದಲು ಕೊಟ್ಟಿದ್ದ ಸೀಡಿ ಗೀರುಬಿದ್ದು ಓದುತ್ತಿರಲಿಲ್ಲ. ಆಗಿನ ನೆಟ್ಟಿನ ವೇಗಕ್ಕೆ ಪೂರ್ತಿ ಮತ್ತೆ ಇಳಿಸಿಕೊಳ್ಳಲು ವಾರಗಳೇ ಬೇಕಿತ್ತು.

ಮಂಜುವಿಗೆ ಫೋನು ಮಾಡಿ, ನನ್ನ ತಪ್ಪು ಒಪ್ಪಿಕೊಂಡು, ಅವನಿಂದ ಬೈಸಿಕೊಂಡು ಮುಗಿಸಿದೆ. ಆಮೇಲೆ ಅವನು ಹೇಳಿದ: “ಇದು ಲಿನಕ್ಸ್ ಮಾಡ್ದೋರ ಕಡೆಯ ತಪ್ಪು ಅಕ್ಕಾ. ತಪ್ಪು ಕಂಡೋರು ಬರೆದು ಹಾಕೋಕೆ ನೆಟ್ಟಲ್ಲಿ ಒಂದು ಜಾಗ ಮಡಗವ್ರೆ. ನೀನೇ ಬರಿ. ನಾನು ಬರೆದ್ರೆ ‘ಬಾಣ ಕೆಟ್ಟೈತೆ’ ಅಂತ ಬರೆದು ಬಿಡ್ತೀನಿ. ಅಪ್ಪನ ಹತ್ರ ಕಲ್ತೋಳು ನೀನು.”

ಅಪ್ಪನ ಹತ್ತಿರ ಕಲಿತದ್ದು ಹೌದು. ನಮ್ಮಪ್ಪ ಕಲ್ಯಾಣದುರ್ಗದಲ್ಲಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮಣೆ ಹಾಕಿಕೊಂಡು ಅರ್ಜಿ ಬರೆಯುತ್ತಿದ್ದರು. ಸುತ್ತಲ ಹಳ್ಳಿಯವರು ಕನ್ನಡದಲ್ಲಿ ಹೇಳಿಕೊಂಡು ಅಳುವರು, ಅಪ್ಪ ತೆಲುಗಿನಲ್ಲಿ ಬರೆಯುವರು. ಬೇಸಿಗೆ ರಜೆಯಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಕೆಲಸ ನನ್ನದು. ಹೆಬ್ಬೆಟ್ಟು ಒತ್ತಿದವರು ಆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು, ನಾನೂ ಒರೆಸಿಕೊಳ್ಳುತ್ತಿದ್ದೆ, ಮನೆಗೆ ಹೋದರೆ ಅಮ್ಮನಿಂದ ಅರ್ಚನೆ. ಅಪ್ಪ ಯಾವಾಗಲೂ ಹೇಳುವರು: “ಅರ್ಜೀಲಿ ಅಳಬಾರ್ದು ಕಣಮ್ಮ. ಅತ್ರೆ ಸಾಹೇಬ್ರಿಗೆ ಕಾಗದ ಒದ್ದೆ ಆಗಿರೋದು ಕಾಣ್ತದೆ, ವಿಷ್ಯ ಕಾಣಲ್ಲ. ನೀನು ಯಾರು, ಏನು ಮಾಡ್ದೆ, ಏನಾಗ್ಬೇಕಾಗಿತ್ತು, ಏನಾಯ್ತು, ಅವರಿಂದ ಏನಾಗ್ಬೇಕು. ಇಷ್ಟೇ. ಒಂದು ಅರ್ಜಿಗೆ ಒಂದೇ ವಿಷ್ಯ.”

ಹಾಗೆಯೇ ಬರೆಯಲು ಕೂತೆ. ಮಾವನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವರದೊಂದು ತಿದ್ದುಪಡಿ: “ಮೊದ್ಲು ಕೊಟ್ಟಿದ್ದಕ್ಕೆ ಒಂದು ಒಳ್ಳೆ ಮಾತು ಹೇಳು. ಬಿಟ್ಟಿ ಕೊಟ್ಟೋರ ಬಾಗ್ಲಿಗೆ ಹೋಗಿ ಬಾಯಿ ತೆಗೀತಿದ್ದಂಗೇ ಕುಂದು ಎತ್ತಬಾರ್ದು.” ಸರಿ, ಅದನ್ನೂ ಸೇರಿಸಿದೆ. ಬಾಣದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳಿಗೆ, ಹಿಂದೂಪುರ ವಾಸಿ, ಗ್ರಾಫ್ ಬರೆಯುವ ನಂಜುಂಡಪ್ಪನವರ ಪರವಾಗಿ ಅವರ ಸೊಸೆ ಮಾಡುವ ಬಿನ್ನಹ. ವಿಷಯ: ಬಾಣವನ್ನು ದೊಡ್ಡದಾಗಿಯೇ ಉಳಿಸಿಕೊಡುವ ಬಗ್ಗೆ. ಆಮೇಲೆ ಅಪ್ಪನ ಕ್ರಮದಲ್ಲೇ ಒಂದರ ಕೆಳಗೊಂದು. ಕೊನೆಗೆ ‘ತಮ್ಮ ವಿಧೇಯ’. ಲಗತ್ತು: ಮುಗಿಯದ ತೆನೆಯ ಚಿತ್ರ ಒಂದು. ಇದನ್ನೆಲ್ಲ ನನಗೆ ಬಂದ ಇಂಗ್ಲಿಷಿಗೆ ಇಳಿಸಿ, ನೆಟ್ ಸೆಂಟರಿಗೆ ಹೋಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಕಳಿಸಿದೆ. ಸಂಜೆ ಮಂಜುವಿನ ಫೋನು. ನಗು ತಡೆಯಲಾರದೆ ಬಿಕ್ಕುತ್ತಿದ್ದ. “ಅಕ್ಕಾ, ಅಲ್ಲಿ ಅಧಿಕಾರಿಗಳು ಅಂತ ಯಾರೂ ಇಲ್ಲ! ಇಡೀ ಲೋಕ ಓದ್ತದೆ ಅದನ್ನ!” ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಆ ವಾರದ ಕೊನೆಗೆ ಉತ್ತರ ಬಂತು. ಯಾವ ದೇಶದವರೋ, ಗಂಡಸೋ ಹೆಂಗಸೋ, ಹೆಸರಿನಿಂದ ತಿಳಿಯಲಿಲ್ಲ. ಎಲ್ಲರೂ ಇಷ್ಟು ಕ್ರಮವಾಗಿ ಬರೆದರೆ ನಮ್ಮ ಅರ್ಧ ಕೆಲಸ ಉಳಿಯುತ್ತದೆ ಎಂದಿದ್ದರು. ನಾನು ಅಧಿಕಾರಿಯಲ್ಲ, ದಯವಿಟ್ಟು ವಿಧೇಯಳಾಗಬೇಡಿ ಎಂದಿದ್ದರು. ನೀವು ಹೇಳಿದಂತೆ ಮಾಡಿ ನೋಡಿದೆ, ನನ್ನಲ್ಲೂ ಬಾಣ ಕುಗ್ಗಿತು, ಎಲ್ಲಿ ತಪ್ಪಿದೆಯೆಂದು ಹುಡುಕುತ್ತಿದ್ದೇನೆ ಎಂದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ಚಿತ್ರದಲ್ಲಿರುವ ಆ ಗಿಡ ಯಾವುದು?

ಆ ನೆಟ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನಗೆ ಕಣ್ಣು ತುಂಬಿಬಂತು. ಅಪ್ಪ ತೀರಿಕೊಂಡು ಆಗಲೇ ನಾಲ್ಕು ವರ್ಷ. ಬರೆದ ಎಷ್ಟೋ ಅರ್ಜಿಗಳಿಗೆ ಉತ್ತರ ಬಂದದ್ದನ್ನು ಅವರು ಕಾಣಲೇ ಇಲ್ಲ. ಅವರ ಕ್ರಮಕ್ಕೆ ಮೆಚ್ಚುಗೆ ಎಲ್ಲಿಂದಲೋ ನನ್ನ ಹೆಸರಿಗೆ ಬಂದು ಕೂತಿತ್ತು. ಮನೆಗೆ ಬಂದು ಮಾವನಿಗೆ ಎಲ್ಲವನ್ನೂ ಹೇಳಿದೆ. “ಆ ಗಿಡ ಯಾವ್ದು ಅಂತ ಕೇಳವ್ರೆ ಮಾವ.”

“ರಾಗಿ ಗೊತ್ತಿಲ್ವಂತಾ!” ಎಂದು ಮಾವ ಎಷ್ಟೋ ದಿನದ ಮೇಲೆ ನಕ್ಕರು. “ಪಾಪ, ಏನ್ ತಿಂದು ಬದುಕ್ತಾರೋ. ಮುದ್ದೆ ಮಾಡೋದು ಹೆಂಗೆ ಅಂತ ಬರೆದು ಕಳ್ಸು.” ಬರೆದು ಕಳಿಸಿದೆ, ಸೊಪ್ಪಿನ ಸಾರಿನ ಸಮೇತ.

ಹೊಸಬರಿಗೆ ಇಂಥ ಹೊಚ್ಚ ಹೊಸದು ಸಲ್ಲುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ನೆಟ್ಟಗೆ ಉತ್ತರ ಕೊಡಲು ಬರುವುದಿಲ್ಲ. ಕಷ್ಟ ಕೊಡುತ್ತದೆ, ಸುಳ್ಳೇಕೆ ಹೇಳಲಿ. ನಮ್ಮ ಮನೆಗೂ ಕೊಟ್ಟಿತು, ಅದರಲ್ಲಿ ಅರ್ಧ ನನ್ನ ಅವಸರದ್ದು. ಆದರೆ ಕಷ್ಟ ಹೇಳಿಕೊಳ್ಳಲು ಒಂದು ಬಾಗಿಲಿತ್ತು, ಬಾಗಿಲ ಹಿಂದೆ ಒಬ್ಬರು ಇದ್ದರು, ಎಪ್ಪತ್ತರ ಮುದುಕರ ಬಾಣ ತಾನೇ ಎಂದು ತಳ್ಳಿಹಾಕಲಿಲ್ಲ. ಅವರ ಮುಖ ನಾನು ಕಂಡಿಲ್ಲ. ಈಗಲೂ ನೆನೆದಾಗ ಕೈ ಮುಗಿಯಬೇಕೆನಿಸುತ್ತದೆ.

ತಿಂಗಳೊಪ್ಪತ್ತಿನಲ್ಲಿ ತಿದ್ದುಪಡಿ ಬಂತು. ಮಂಜು ಅದನ್ನು ಇಳಿಸಿಕೊಂಡು, ಸೀಡಿಗೆ ಹಾಕಿ, ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರ ಕೈಲಿ ಕಳಿಸಿದ. ಒಂದು ಭಾನುವಾರ ಅವನು ಫೋನಿನಲ್ಲಿ ಹೇಳಿದ ಹಾಗೆ, ಒಂದಕ್ಷರ ಅತ್ತಿತ್ತ ಮಾಡದೆ, ಹಾಕಿದೆ. ಆರಿಸಿ ಹಾಕಿದೆ, ಬಾಣ ಹೆಬ್ಬೆರಳಿನಷ್ಟಿತ್ತು. ಮತ್ತೆ ಆರಿಸಿದೆ, ಮತ್ತೆ ಹಾಕಿದೆ, ಇತ್ತು. ಮಾವನನ್ನು ಕರೆದು ತೋರಿಸಿದೆ. “ಹೂಂ, ನೋಡಾನ” ಎಂದಷ್ಟೇ ಹೇಳಿ ಟವಲನ್ನು ಮತ್ತೆ ಹೊದಿಸಿ ಹೊರಟುಹೋದರು. ಒಮ್ಮೆ ಕೈಸುಟ್ಟುಕೊಂಡವರು, ನಾನು ಒತ್ತಾಯ ಮಾಡಲಿಲ್ಲ.

ಸೋಮವಾರ ಶಾಲೆಯಲ್ಲಿ ನನಗೆ ಪಾಠದ ಮೇಲೆ ಗಮನವಿಲ್ಲ. ಹತ್ತು ಗಂಟೆಗೆ ಅಲ್ಲಿ ಕರೆಂಟು ಹೋಯಿತು. ಹಿಂದೂಪುರದಲ್ಲೂ ಹೋಗಿರುತ್ತದೆ ಎಂದುಕೊಂಡೆ. ಮಧ್ಯಾಹ್ನ ಮತ್ತೆ ಹೋಯಿತು. ಸಂಜೆ ಬಸ್ಸಿಳಿದು ಬಿರಬಿರನೆ ಬಂದೆ. ಜಗಲಿ ಖಾಲಿ. ಬಾಗಿಲಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

“ಬೆಳಗ್ಗೆಯಿಂದ ಎರಡ್ ಸಲ ಕರೆಂಟ್ ಹೋಗಿ ಬಂತು ಕಣಮ್ಮ” ಎಂದು ಪಿಸುಗುಟ್ಟಿದರು. “ಎರಡ್ ಸಲನೂ ಅವ್ರೇ ಹಾಕ್ಕೊಂಡ್ರು. ನನ್ನೂ ಕರೀಲಿಲ್ಲ.”

ಒಳಗೆ ಮಾವ ಪರದೆಯಿಂದ ಒಂದು ಮೊಳ ದೂರದಲ್ಲಿ ನೆಟ್ಟಗೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. “ಮಾವಾ, ಬಾಣ...” ಎಂದೆ.

ಅವರು ತಿರುಗಲಿಲ್ಲ. ಎಡಗೈಯನ್ನು ಮೇಲೆತ್ತಿ, ಸಿಡುಕಿನಿಂದಲೇ, “ಸುಮ್ಕಿರಮ್ಮ ಸ್ವಲ್ಪ, ಮಾತಾಡಿಸ್ಬ್ಯಾಡ. ಸಾಲು ತಪ್ತದೆ” ಎಂದರು.